ಅಪಾರ್ಟ್‌ಮೆಂಟ್ ಎಸ್‌ಟಿಪಿ ನೀರಿಗೆ ಹೈಪೋ ನಿಲ್ಲಿಸಿ ಯುವಿ ಹಾಕಿಸಬಹುದಾ?

ಬಿ ಬ್ಲಾಕ್ ಕಾರ್ಯದರ್ಶಿ
ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನ ಪೂರ್ವ ಭಾಗದ ಒಂದು ಅಪಾರ್ಟ್‌ಮೆಂಟ್. ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧಮಾಡುವ ಘಟಕ) ಶುದ್ಧಮಾಡಿದ ನೀರನ್ನೇ ಫ್ಲಶ್‌ಗೂ ತೋಟಕ್ಕೂ ಬಳಸುತ್ತೇವೆ. ಈಗ ರೋಗಾಣು ಕೊಲ್ಲೋಕೆ ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಹೈಪೋ ಅನ್ನುವ ಕ್ಲೋರಿನ್ ದ್ರಾವಣ ಹಾಕ್ತಿದ್ದೇವೆ. ಕೆಲವು ತಿಂಗಳಿಂದ ಒಂದೇ ದೂರು: ಬಾತ್‌ರೂಮಿನಲ್ಲಿ ಈಜುಕೊಳದ ವಾಸನೆ, ಕಣ್ಣು ಉರಿ. ಮಕ್ಕಳಿರುವ ಮನೆಯವರಿಗೆ ಗಾಬರಿ ಆಗಿದೆ. ಇಷ್ಟೆಲ್ಲ ಹೈಪೋ ಸುರಿದರೂ ಲ್ಯಾಬ್ ರಿಪೋರ್ಟಿನಲ್ಲಿ ಫೀಕಲ್ ಕೋಲಿಫಾರ್ಮ್ (ಮಲದಿಂದ ಬರುವ ಬ್ಯಾಕ್ಟೀರಿಯಾ) ಹೆಚ್ಚೇ ಬರ್ತಿದೆ.

ಒಬ್ಬ ಸಪ್ಲೈಯರ್ ಬಂದು ಯುವಿ (ಅತಿನೇರಳೆ ಕಿರಣ) ಸಿಸ್ಟಮ್‌ಗೆ ಕೊಟೇಶನ್ ಕೊಟ್ಟಿದ್ದಾರೆ. ಹೈಪೋ ಪೂರ್ತಿ ನಿಲ್ಲಿಸಬಹುದು, ವಾಸನೆ ಇರಲ್ಲ, ಲ್ಯಾಂಪ್ ಹಾಕಿ ಮರೆತುಬಿಡಿ ಅಂತಾರೆ. ಮುಂದಿನ ಮೀಟಿಂಗಿನಲ್ಲಿ ತೀರ್ಮಾನ ಆಗಬೇಕು. ಬಲ್ಲವರು ದಯವಿಟ್ಟು ಹೇಳಿ.

ಬ್ಲೋವರ್ ರೂಮ್
ಸರ್, ನಾನು ಎಸ್‌ಟಿಪಿ ನಡೆಸುವ ಕೆಲಸದಲ್ಲೇ ಇದ್ದೇನೆ. ಯುವಿ ಒಳ್ಳೆಯ ತಂತ್ರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಟೇಶನ್ ಒಪ್ಪುವ ಮೊದಲು ಮೂರು ವಿಷಯ ಹೇಳಿ. ನಿಮ್ಮ ನೀರಿನ ಟಿಎಸ್‌ಎಸ್, ಅಂದರೆ ಕರಗದೆ ತೇಲುವ ಕಣ ಎಷ್ಟು? ಅಮೋನಿಯಾ ಎಷ್ಟು? ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ರಾತ್ರಿ ಆಫ್ ಮಾಡ್ತೀರಾ?

ಬಿ ಬ್ಲಾಕ್ ಕಾರ್ಯದರ್ಶಿ
ಟಿಎಸ್‌ಎಸ್ ಒಮ್ಮೊಮ್ಮೆ ಲೀಟರಿಗೆ 15 ಮಿಲಿಗ್ರಾಂ, ಒಮ್ಮೊಮ್ಮೆ 30ರ ಮೇಲೆ. ಅಮೋನಿಯಾ ಕೊನೆಯ ರಿಪೋರ್ಟಿನಲ್ಲಿ ಸುಮಾರು 20 ಇದೆ. ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಅಂತ ರಾತ್ರಿ ಬ್ಲೋವರ್ ನಿಲ್ಲಿಸೋದು ನಿಜ. ಶಬ್ದದ ದೂರೂ ಇತ್ತು.

ಬ್ಲೋವರ್ ರೂಮ್
ಹಾಗಾದರೆ ನಿಮ್ಮ ವಾಸನೆಯ ಮೂಲ ಅಲ್ಲೇ ಇದೆ ಸರ್. ಸ್ವಲ್ಪ ಬಿಡಿಸಿ ಹೇಳ್ತೀನಿ.

ಟ್ಯಾಂಕಿಗೆ ಗಾಳಿ ಸಾಲದಿದ್ದರೆ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಒಂದು ಗ್ರಾಂ ಅಮೋನಿಯಾ ನೈಟ್ರೋಜನ್ ಅನ್ನು ನೈಟ್ರೇಟ್ ಮಾಡೋಕೆ ಸುಮಾರು ನಾಲ್ಕೂವರೆ ಗ್ರಾಂ ಆಮ್ಲಜನಕ ಬೇಕು. ರಾತ್ರಿ ಪೂರ್ತಿ ಬ್ಲೋವರ್ ನಿಂತರೆ ಅದು ಎಲ್ಲಿಂದ ಬರಬೇಕು? ಅಮೋನಿಯಾ ಹಾಗೇ ಉಳಿದು ಕೊನೆಯ ಟ್ಯಾಂಕಿಗೆ ಬರುತ್ತೆ. ಅಲ್ಲಿ ನೀವು ಹೈಪೋ ಹಾಕ್ತೀರಿ. ಕ್ಲೋರಿನ್ ರೋಗಾಣು ಮುಟ್ಟುವ ಮೊದಲು ಅಮೋನಿಯಾ ಜೊತೆ ಸೇರಿ ಕ್ಲೋರಮೈನ್ ಆಗುತ್ತೆ. ಈಜುಕೊಳದ ವಾಸನೆ, ಕಣ್ಣುರಿ ಎರಡೂ ಅದರದ್ದೇ. ಕ್ಲೋರಿನ್ ಜಾಸ್ತಿ ಆಗಿ ವಾಸನೆ ಬರ್ತಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಮ್ಮಲ್ಲಿ ಯಾವುದಕ್ಕೂ ಸೇರದ ಬಿಡಿ ಕ್ಲೋರಿನ್ ಉಳಿದೇ ಇಲ್ಲ, ಅದಕ್ಕೇ ಕೋಲಿಫಾರ್ಮ್ ಕಡಿಮೆಯಾಗ್ತಿಲ್ಲ.

ಲೆಕ್ಕ ನೋಡಿ. ಒಂದು ಭಾಗ ಅಮೋನಿಯಾ ನೈಟ್ರೋಜನ್ ದಾಟಿ ಬಿಡಿ ಕ್ಲೋರಿನ್ ಉಳಿಯಬೇಕಾದರೆ ಎಂಟರಿಂದ ಹತ್ತು ಭಾಗ ಕ್ಲೋರಿನ್ ಬೇಕು. ಲೀಟರಿಗೆ 20 ಮಿಲಿಗ್ರಾಂ ಅಮೋನಿಯಾ ಇದ್ದರೆ 160ರಿಂದ 200 ಮಿಲಿಗ್ರಾಂ ಕ್ಲೋರಿನ್. ಅಂದರೆ ಸಾವಿರ ಲೀಟರ್ ನೀರಿಗೆ 10 ಪರ್ಸೆಂಟ್ ಹೈಪೋ ಹತ್ತಿರ ಹತ್ತಿರ ಎರಡು ಲೀಟರ್. ಯಾರೂ ಅಷ್ಟು ಹಾಕಲ್ಲ, ಹಾಕಲೂಬಾರದು.

ಲೆಕ್ಕಪತ್ರ
ಅಮೋನಿಯಾ ಇದ್ದರೂ ಯುವಿಗೆ ತೊಂದರೆ ಇಲ್ಲ ಅಲ್ವಾ? ಅದು ಬೆಳಕು ತಾನೇ. ಹಾಗಾದರೆ ಸಪ್ಲೈಯರ್ ಹೇಳಿದ್ದು ಸರಿ ಅಂತಾಯ್ತು. ಬ್ಲೋವರ್ ಬಿಲ್ ಉಳಿಯಿತು, ಹೈಪೋ ಖರ್ಚೂ ಉಳಿಯಿತು.

ಬ್ಲೋವರ್ ರೂಮ್
ಅಮೋನಿಯಾ ನೇರವಾಗಿ ಯುವಿಯನ್ನು ತಡೆಯಲ್ಲ, ಅಷ್ಟು ಮಾತ್ರ ನಿಜ. ಆದರೆ ಗಾಳಿ ಸಾಲದ ಪ್ಲಾಂಟಿನಿಂದ ಅಮೋನಿಯಾ ಒಂದೇ ಬರಲ್ಲ ಸರ್. ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ತಳದಲ್ಲಿ ಸರಿಯಾಗಿ ಕೂರಲ್ಲ, ಸಣ್ಣ ಸಣ್ಣ ಚೂರು ಮೇಲೆ ತೇಲಿ ಬರುತ್ತೆ, ನೀರಿನಲ್ಲಿ ಕರಗಿದ ಕೊಳೆ ಉಳಿಯುತ್ತೆ. ಇವೆರಡೂ ಯುವಿಯ ಶತ್ರು.

ಮೈಕ್ರೋಬಯಾಲಜಿ ಟೀಚರ್
ಇಲ್ಲಿ ಯುವಿ ಏನು ಮಾಡುತ್ತೆ ಅಂತ ತಿಳಿದುಕೊಂಡರೆ ಉಳಿದದ್ದು ತಾನಾಗಿಯೇ ಗೊತ್ತಾಗುತ್ತೆ. ನನಗೆ ಇಷ್ಟದ ವಿಷಯ, ಸ್ವಲ್ಪ ಉದ್ದ ಆಗಬಹುದು.

ಎಸ್‌ಟಿಪಿಗಳಲ್ಲಿ ಬಳಸುವ ಸಾಮಾನ್ಯ ಪಾದರಸದ ಲ್ಯಾಂಪ್ 254 ನ್ಯಾನೋಮೀಟರ್ ಅಲೆಯುದ್ದದ ಕಿರಣ ಬಿಡುತ್ತೆ. ಜೀವಕೋಶದ ಡಿಎನ್‌ಎ ಅತಿ ಹೆಚ್ಚು ಹೀರಿಕೊಳ್ಳುವುದು 260ರ ಆಸುಪಾಸಿನ ಕಿರಣವನ್ನು, ಹಾಗಾಗಿ ಇದು ಸರಿಯಾಗಿ ಗುರಿ ಮುಟ್ಟುತ್ತೆ. ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕ ಇರುವ ಎರಡು ಥೈಮೀನ್ ಅನ್ನುವ ಘಟಕಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಆ ಎಳೆಯ ಪ್ರತಿ ತೆಗೆಯಲು ಆಗಲ್ಲ. ಬ್ಯಾಕ್ಟೀರಿಯಾ ಆ ಕ್ಷಣಕ್ಕೆ ಸಾಯುವುದಿಲ್ಲ. ಎರಡಾಗಲು ಆಗದೆ ಉಳಿಯುತ್ತೆ, ಅಷ್ಟೇ. ಎರಡಾಗದ ರೋಗಾಣು ಹೊಟ್ಟೆಗೆ ಹೋದರೂ ರೋಗ ತರಲಾರದು.

ಕಿರಣದ ತೀವ್ರತೆಯನ್ನು ಸಮಯದಿಂದ ಗುಣಿಸಿದರೆ ಡೋಸ್. ಇದನ್ನು ಚದರ ಸೆಂಟಿಮೀಟರಿಗೆ ಇಷ್ಟು ಮಿಲಿಜೂಲ್ ಅಂತ ಅಳೆಯುತ್ತಾರೆ. ಕುಡಿಯುವ ನೀರಿನ ಯಂತ್ರಗಳಿಗೆ ಸಾಮಾನ್ಯವಾಗಿ 40 ಇಟ್ಟುಕೊಳ್ಳುತ್ತಾರೆ. ಇ. ಕೋಲಿಗೆ ಅಷ್ಟೂ ಬೇಡ. ಅಡಿನೋವೈರಸ್ ಮಾತ್ರ ಬಹಳ ಗಟ್ಟಿ. ಹತ್ತು ಸಾವಿರದಲ್ಲಿ ಒಂದು ಮಾತ್ರ ಉಳಿಯಬೇಕು ಅಂದರೆ ಅಮೆರಿಕದ ಕುಡಿಯುವ ನೀರಿನ ನಿಯಮ 186 ಕೇಳುತ್ತೆ. ಕ್ರಿಪ್ಟೋಸ್ಪೋರಿಡಿಯಂ ಅಂತ ಒಂದು ಪರಾವಲಂಬಿ ಇದೆ. ಕ್ಲೋರಿನ್‌ಗೆ ಅದು ಜಗ್ಗುವುದೇ ಇಲ್ಲ. ಯುವಿಯಲ್ಲಿ ಬರೀ 12 ಮಿಲಿಜೂಲಿಗೆ ಸಾವಿರದಲ್ಲಿ ಒಂದಕ್ಕೆ ಇಳಿಯುತ್ತೆ. ಯುವಿಗೆ ಇಷ್ಟು ಬೆಲೆ ಬಂದಿರುವುದಕ್ಕೆ ಇದೂ ದೊಡ್ಡ ಕಾರಣ.

ಕಾರ್ಯದರ್ಶಿಗಳೇ, ಈಗ ನಿಮ್ಮ ವಿಷಯ. ಈ ಕಿರಣ ರೋಗಾಣುವನ್ನು ಮುಟ್ಟಿದರೆ ಮಾತ್ರ ಕೆಲಸ. ಸ್ಲಡ್ಜ್ ಚೂರಿನೊಳಗೆ ಅಡಗಿ ಕೂತ ಬ್ಯಾಕ್ಟೀರಿಯಾಗೆ ಬೆಳಕು ತಲುಪುವುದೇ ಇಲ್ಲ. ಡೋಸ್ ಎಷ್ಟೇ ಏರಿಸಿದರೂ ಒಂದು ಹಂತದ ಮೇಲೆ ಎಣಿಕೆ ಇಳಿಯುವುದು ನಿಂತುಬಿಡುತ್ತೆ. ಉಳಿದವೆಲ್ಲ ಆ ಚೂರುಗಳ ಒಳಗಿನವೇ.

ಶಿಕಾಗೋ ಕನ್ನಡಿಗ
ಟೀಚರ್ ಹೇಳಿದ ಕ್ರಿಪ್ಟೋಸ್ಪೋರಿಡಿಯಂ ಬಗ್ಗೆ ಒಂದು ಮಾತು. ನಾನಿರುವ ಊರಿನಿಂದ ಉತ್ತರಕ್ಕೆ ಮಿಲ್ವಾಕೀ ಇದೆ. 1993ರಲ್ಲಿ ಅಲ್ಲಿ ಈ ಪರಾವಲಂಬಿ ಕುಡಿಯುವ ನೀರಿಗೆ ಸೇರಿ ಸುಮಾರು 4 ಲಕ್ಷ ಜನಕ್ಕೆ ಭೇದಿ ಆಯಿತು. ನೀರಿಗೆ ಕ್ಲೋರಿನ್ ಹಾಕಿದ್ದರು.

ಕೊಳಚೆ ನೀರಿನ ವಿಷಯಕ್ಕೆ ಬಂದರೆ, ಶಿಕಾಗೋದ ದೊಡ್ಡ ಪ್ಲಾಂಟ್‌ಗಳು ಎಷ್ಟೋ ವರ್ಷ ರೋಗಾಣು ಕೊಲ್ಲದೆಯೇ ನೀರನ್ನು ಕಾಲುವೆಗೆ ಬಿಡ್ತಿದ್ದವು. ಜನ ಆ ನದಿಯಲ್ಲಿ ದೋಣಿ ಬಿಡೋಕೆ ಶುರು ಮಾಡಿದ ಮೇಲೆ ಒತ್ತಾಯ ಬಂತು. 2016ರಲ್ಲಿ ಓಬ್ರಯನ್ ಪ್ಲಾಂಟ್‌ಗೆ ಯುವಿ ಬಂತು. ಅದೇ ಸಂಸ್ಥೆಯ ಕ್ಯಾಲುಮೆಟ್ ಪ್ಲಾಂಟ್‌ಗೆ ಕ್ಲೋರಿನ್ ಆರಿಸಿಕೊಂಡರು. ಅಲ್ಲಿ ಕ್ಲೋರಿನ್ ಹಾಕಿ, ನದಿಗೆ ಬಿಡುವ ಮೊದಲು ಅದನ್ನು ತೆಗೆಯಬೇಕು, ಇಲ್ಲದಿದ್ದರೆ ಮೀನಿಗೆ ಅಪಾಯ. ಒಂದೇ ಊರು, ಒಂದೇ ಸಂಸ್ಥೆ, ಎರಡು ಪ್ಲಾಂಟಿಗೆ ಎರಡು ದಾರಿ. ಯಾವುದು ಮೇಲು ಅಂತ ಒಂದೇ ಮಾತಿನಲ್ಲಿ ಹೇಳೋಕೆ ಆಗಲ್ಲ ಅಂತ ನನಗೆ ಅಲ್ಲೇ ಅರ್ಥವಾಗಿದ್ದು.

ಲೆಕ್ಕಪತ್ರ
ನಮ್ಮಲ್ಲಿ ಪ್ರೆಶರ್ ಸ್ಯಾಂಡ್ ಫಿಲ್ಟರ್ ಇದೆ, ಕಾರ್ಬನ್ ಫಿಲ್ಟರ್ ಇದೆ. ಕೊನೆಯಲ್ಲಿ ಗ್ಲಾಸಿನಲ್ಲಿ ಹಿಡಿದರೆ ನೀರು ಪೂರ್ತಿ ತಿಳಿ. ಚೂರು ಏನೂ ಕಾಣಲ್ಲ. ಅಷ್ಟಿದ್ದರೆ ಸಾಲದಾ?

ಬ್ಲೋವರ್ ರೂಮ್
ಕಣ್ಣಿಗೆ ತಿಳಿಯಾಗಿ ಕಂಡ ನೀರು ಯುವಿ ಕಣ್ಣಿಗೆ ಕಪ್ಪಾಗಿರಬಹುದು ಸರ್. ಮಂಜು ಕವಿದ ಘಾಟಿಯಲ್ಲಿ ಹೆಡ್‌ಲೈಟ್ ಎಷ್ಟು ದೂರ ಹೋಗುತ್ತೆ, ಹಾಗೇ ಇದೂ.

ಇದನ್ನು ಅಳೆಯೋಕೆ ಯುವಿಟಿ ಅಂತ ಒಂದು ಟೆಸ್ಟ್ ಇದೆ. ಒಂದು ಸೆಂಟಿಮೀಟರ್ ನೀರು ದಾಟಿದ ಮೇಲೆ 254ರ ಕಿರಣದಲ್ಲಿ ಎಷ್ಟು ಪಾಲು ಉಳಿಯಿತು ಅನ್ನೋದು. ಒಳ್ಳೆಯ ಕುಡಿಯುವ ನೀರಿನಲ್ಲಿ 90ಕ್ಕೂ ಜಾಸ್ತಿ ಇರಬಹುದು. ಎಸ್‌ಟಿಪಿಯ ಎರಡನೇ ಹಂತದ (ಬ್ಯಾಕ್ಟೀರಿಯಾ ಕೊಳೆ ತಿಂದು, ಕೆಸರು ಕೂತ ಮೇಲಿನ) ನೀರಿನಲ್ಲಿ ಸಾಮಾನ್ಯವಾಗಿ 50ರಿಂದ 70. ಕರಗಿದ ಸಾವಯವ ಕೊಳೆ, ಕಬ್ಬಿಣ, ಬಣ್ಣ ಇವೆಲ್ಲ ಕಿರಣವನ್ನು ನುಂಗುತ್ತವೆ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಇದ್ದರೆ ಅದೂ ಸೇರಿಕೊಳ್ಳುತ್ತೆ.

60 ಅಂತ ಇಟ್ಟುಕೊಳ್ಳಿ. ಒಂದು ಸೆಂಟಿಮೀಟರ್ ದಾಟಿದರೆ 60 ಉಳಿಯಿತು. ಎರಡು ದಾಟಿದರೆ 36. ಮೂರಕ್ಕೆ 22. ಐದು ಸೆಂಟಿಮೀಟರ್ ದೂರದಲ್ಲಿ ಹರಿಯುವ ನೀರಿಗೆ ನೂರಕ್ಕೆ 8 ಪಾಲೂ ಸಿಗಲ್ಲ. ಅದೇ 90 ಇದ್ದ ನೀರಿಗೆ ಐದು ಸೆಂಟಿಮೀಟರಿನಲ್ಲೂ 59 ಸಿಗುತ್ತೆ. ಕುಡಿಯುವ ನೀರಿಗೆ ಅಂತ ಮಾಡಿದ ಯಂತ್ರವನ್ನು ಎಸ್‌ಟಿಪಿಗೆ ತಂದು ಕೂರಿಸಿದರೆ ಇಲ್ಲೇ ಎಡವಟ್ಟಾಗುವುದು. ಲ್ಯಾಂಪಿನ ಪಕ್ಕ ಹರಿದ ನೀರು ಶುದ್ಧ, ಪೈಪಿನ ಗೋಡೆ ಪಕ್ಕ ಹರಿದದ್ದು ಬಂದ ಹಾಗೇ ಹೋಗುತ್ತೆ.

ಬಿ ಬ್ಲಾಕ್ ಕಾರ್ಯದರ್ಶಿ
ಕೊಟೇಶನ್ ತೆಗೆದು ನೋಡಿದೆ. ಗಂಟೆಗೆ ಇಷ್ಟು ಸಾವಿರ ಲೀಟರ್ ಅಂತ ಮಾತ್ರ ಇದೆ. ಯುವಿಟಿ ಎಲ್ಲೂ ಇಲ್ಲ. ಡೋಸ್ ಕೂಡ ಬರೆದಿಲ್ಲ.

ಬ್ಲೋವರ್ ರೂಮ್
ಅದನ್ನು ಲಿಖಿತವಾಗಿ ಕೇಳಿ. ‘ಇಷ್ಟು ಹರಿವು, ಇಷ್ಟು ಯುವಿಟಿ ಇರುವಾಗ, ಲ್ಯಾಂಪ್ ಹಳೆಯದಾದ ಮೇಲೂ, ಇಷ್ಟು ಡೋಸ್’ ಅಂತ ಇರಬೇಕು. ನಾಲ್ಕೂ ಒಂದೇ ವಾಕ್ಯದಲ್ಲಿ ಬರಬೇಕು. ಒಂದು ಬಿಟ್ಟರೂ ಉಳಿದ ಮೂರಕ್ಕೆ ಅರ್ಥ ಇಲ್ಲ. ಹರಿವು ಎರಡು ಪಟ್ಟಾದರೆ ಡೋಸ್ ಅರ್ಧ.

ಶಿಕಾಗೋ ಕನ್ನಡಿಗ
ಕ್ಯಾಲಿಫೋರ್ನಿಯಾದಲ್ಲಿ ಮರುಬಳಕೆ ನೀರಿಗೆ ಪಾಲಿಸುವ ಮಾರ್ಗಸೂಚಿ ಇದನ್ನು ಚೆನ್ನಾಗಿ ತೋರಿಸುತ್ತೆ. ಮರಳಿನಂಥ ಫಿಲ್ಟರ್ ಆದ ನೀರಿಗೆ 100 ಮಿಲಿಜೂಲ್. ಮೆಂಬ್ರೇನ್ ಫಿಲ್ಟರ್ ಆದ ನೀರಿಗೆ 80. ಆರ್‌ಒ ಆದ ನೀರಿಗೆ 50. ಮುಂಚೆ ಎಷ್ಟು ಚೆನ್ನಾಗಿ ಸೋಸಿದ್ದೀರೋ ಅಷ್ಟು ಕಡಿಮೆ ಬೆಳಕು ಸಾಕು. ಅಲ್ಲಿ ಮರಳಿನ ಫಿಲ್ಟರ್ ದಾಟಿದ ನೀರಿನ ಕದಡು ಸರಾಸರಿ 2 ಎನ್‌ಟಿಯು (ಕದಡು ಅಳೆಯುವ ಮಾನ) ಮೀರಬಾರದು. ನೀವು ಹೇಳಿದ 30 ಟಿಎಸ್‌ಎಸ್ ನೀರಿಗೆ ಅಲ್ಲಿ ಯುವಿ ಮಾತೇ ಎತ್ತಲ್ಲ.

ಕೋಲಾರ ರೈತ
ಇದನ್ನೆಲ್ಲ ಓದುತ್ತಾ ಕೂತಿದ್ದೆ. ನಿಮ್ಮದು ಫ್ಲಶ್ ನೀರಿನ ಚಿಂತೆ, ನಮ್ಮದು ಬೆಳೆಯದ್ದು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಶುದ್ಧಮಾಡಿದ ಕೊಳಚೆ ನೀರು, ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಒಂದೊಂದಾಗಿ ತುಂಬಿದವು. ಬೋರ್‌ಗಳಿಗೆ ನೀರು ಬಂತು, ಸುಳ್ಳು ಹೇಳಬಾರದು. ಆದರೆ ಆ ವರ್ಷವೇ ಕೆರೆಯಲ್ಲಿ ನೊರೆಯೂ ಬಂತು, ಹೈಕೋರ್ಟಿನವರೆಗೆ ಹೋಯಿತು. ಎರಡು ಹಂತ ಮಾತ್ರ ಶುದ್ಧಮಾಡಿದ ನೀರು ಬೇಡ, ಮೂರನೇ ಹಂತವೂ ಆಗಲಿ ಅಂತ ಇಲ್ಲಿನವರು ಕೇಳ್ತಾನೇ ಇದ್ದಾರೆ. ಮೂರನೇ ಹಂತ ಅಂದರೆ ಈ ಯುವಿನೇನಾ? ಯುವಿ ಹಾಕಿದರೆ ನೊರೆ, ಲೋಹ ಎಲ್ಲ ಹೋಗುತ್ತಾ?

ಮೈಕ್ರೋಬಯಾಲಜಿ ಟೀಚರ್
ಹೋಗಲ್ಲ ಅಣ್ಣ. ಈ ಲ್ಯಾಂಪ್‌ಗಳ ಯುವಿ ನೀರಿನಿಂದ ಏನನ್ನೂ ತೆಗೆಯುವುದಿಲ್ಲ. ಉಪ್ಪು, ನೈಟ್ರೇಟ್, ರಂಜಕ, ಸೋಪಿನ ನೊರೆ, ಲೋಹ ಎಲ್ಲ ಇದ್ದಲ್ಲೇ ಇರುತ್ತೆ. ರೋಗಾಣು ಒಂದೇ ಅದರ ಕೆಲಸ. ಮೂರನೇ ಹಂತ ಅಂದರೆ ಎರಡನೇ ಹಂತದ ಮೇಲೆ ಮಾಡುವ ಎಲ್ಲವೂ: ಸೋಸುವುದು, ರಂಜಕ ಮತ್ತು ನೈಟ್ರೋಜನ್ ತೆಗೆಯುವುದು, ಕೊನೆಗೆ ರೋಗಾಣು ನಾಶ.

ರೈತರಿಗೆ ಇನ್ನೊಂದು ಮುಖ್ಯ ವಿಷಯ, ಜಂತುಹುಳುವಿನ ಮೊಟ್ಟೆ. ದುಂಡುಹುಳುವಿನ ಮೊಟ್ಟೆಗೆ ದಪ್ಪ ಚಿಪ್ಪಿರುತ್ತೆ. ಮಾಮೂಲಿ ಯುವಿ ಡೋಸ್‌ಗೂ ಕ್ಲೋರಿನ್‌ಗೂ ಅದು ಬಗ್ಗಲ್ಲ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತೆ. ಹಸಿಯಾಗಿ ತಿನ್ನುವ ತರಕಾರಿಗೆ ಬಳಸುವ ನೀರಿನಲ್ಲಿ ಲೀಟರಿಗೆ ಒಂದು ಮೊಟ್ಟೆಗಿಂತ ಜಾಸ್ತಿ ಇರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲೇ ಹೇಳಿತ್ತು. ಸಮಾಧಾನದ ವಿಷಯ ಏನಂದರೆ, ಈ ಮೊಟ್ಟೆಗಳು ಬ್ಯಾಕ್ಟೀರಿಯಾಗಿಂತ ಎಷ್ಟೋ ಪಟ್ಟು ದೊಡ್ಡವು, ಭಾರವೂ ಹೌದು. ನಿಂತ ನೀರಿನಲ್ಲಿ ತಳ ಸೇರುತ್ತವೆ, ಒಳ್ಳೆಯ ಮರಳು ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತವೆ.

ಕೋಲಾರ ರೈತ
ಕೆರೆಯಲ್ಲಿ ನಿಂತ ಮೇಲೆ ಸ್ವಲ್ಪ ಪರವಾಗಿಲ್ಲ ಅಂತಾಯ್ತು.

ಮೈಕ್ರೋಬಯಾಲಜಿ ಟೀಚರ್
ಮೊಟ್ಟೆಯ ಮಟ್ಟಿಗೆ ಹೌದು. ಆದರೆ ಕೆರೆ ತಳದ ಹೂಳನ್ನು ಹೊಲಕ್ಕೆ ಹೊಡೆಯುವಾಗ ಹುಷಾರು, ಮೊಟ್ಟೆಗಳೆಲ್ಲ ಅಲ್ಲೇ ಇರುತ್ತವೆ. ಬರಿಗಾಲಲ್ಲಿ ಇಳಿಯಬೇಡಿ, ಹೂಳಿನಲ್ಲಿ ಕೊಕ್ಕೆಹುಳುವಿನ ಮರಿ ಇದ್ದರೆ ಅದು ಪಾದದ ಚರ್ಮದಿಂದಲೇ ಒಳಗೆ ಹೋಗುತ್ತೆ. ನೀರನ್ನು ಡ್ರಿಪ್‌ನಲ್ಲಿ ಬೇರಿಗೆ ಬಿಟ್ಟರೆ ಕಾಯಿಗೆ ತಾಗಲ್ಲ. ಕೊತ್ತಂಬರಿ, ಪುದೀನದಂಥ ಸೊಪ್ಪಿಗೆ ಇಂಥ ನೀರು ಚಿಮುಕಿಸಬೇಡಿ. ಹಿಪ್ಪುನೇರಳೆಗೋ ರಾಗಿಗೋ ಅಷ್ಟು ಭಯ ಇಲ್ಲ.

ಕೋಲಾರ ರೈತ
ಧನ್ಯವಾದ ಅಕ್ಕ. ನಮ್ಮೂರಿನವರಿಗೆ ಇದನ್ನು ಕಳಿಸ್ತೀನಿ.

ಸುಮ್ನೆ ಓದುಗ
ಕ್ಲೋರಿನ್‌ನಿಂದ ಕ್ಯಾನ್ಸರ್ ಬರುತ್ತೆ ಅಂತ ವಾಟ್ಸಾಪಿನಲ್ಲಿ ಓಡಾಡ್ತಾ ಇದೆ. ಹಾಗಿದ್ದರೆ ಯುವಿನೇ ವಾಸಿ ಅಲ್ವಾ?

ಮೈಕ್ರೋಬಯಾಲಜಿ ಟೀಚರ್
ಕ್ಲೋರಿನ್ ನೀರಿನಲ್ಲಿರುವ ಸಾವಯವ ಕೊಳೆಯ ಜೊತೆ ಸೇರಿ ಟ್ರೈಹ್ಯಾಲೋಮೀಥೇನ್ ಅನ್ನುವ ಗುಂಪಿನ ವಸ್ತುಗಳನ್ನು ಮಾಡುತ್ತೆ. ಕುಡಿಯುವ ನೀರಿನಲ್ಲಿ ಇವಕ್ಕೆ ಮಿತಿ ಇದೆ. ಯುವಿಯಲ್ಲಿ ಈ ತಾಪತ್ರಯ ಇಲ್ಲ, ಅದು ಅದರ ದೊಡ್ಡ ಗುಣ. ಆದರೆ ಫ್ಲಶ್ ನೀರನ್ನು ಯಾರೂ ಕುಡಿಯಲ್ಲ. ಇಲ್ಲಿ ಹತ್ತಿರದ ಅಪಾಯ ರೋಗಾಣುವಿನದ್ದೇ. ಆ ವಾಟ್ಸಾಪ್ ಮಾತು ನಂಬಿ ಕ್ಲೋರಿನ್ ಪೂರ್ತಿ ಬಿಡಬೇಡಿ.

ಯುವಿ ಕೆಲಸ ಲ್ಯಾಂಪಿನ ಮುಂದೆ ಹಾದುಹೋಗುವಷ್ಟು ಹೊತ್ತು ಮಾತ್ರ. ಅಲ್ಲಿಂದ ಆಚೆ ಅದು ನೀರಿನಲ್ಲಿ ಏನನ್ನೂ ಉಳಿಸಿ ಹೋಗಲ್ಲ. ನೀರು ಆಮೇಲೆ ಸಂಪಿಗೆ ಹೋಗಿ, ಮೇಲಿನ ಟ್ಯಾಂಕಿಗೆ ಹತ್ತಿ, ಪೈಪಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತೆ. ಪೈಪಿನ ಒಳಗೋಡೆಯಲ್ಲಿ ಲೋಳೆ ಕಟ್ಟಿರುತ್ತೆ, ಅಲ್ಲಿ ಬ್ಯಾಕ್ಟೀರಿಯಾ ಮತ್ತೆ ಬೆಳೆಯುತ್ತೆ. ಇನ್ನೂ ಒಂದಿದೆ. ಪೆಟ್ಟು ತಿಂದ ಎಷ್ಟೋ ಬ್ಯಾಕ್ಟೀರಿಯಾಗಳು ಡಿಎನ್‌ಎ ರಿಪೇರಿ ಮಾಡಿಕೊಳ್ಳುತ್ತವೆ. ಫೋಟೋಲೈಯೇಸ್ ಅನ್ನುವ ಕಿಣ್ವಕ್ಕೆ ಮಾಮೂಲಿ ಬೆಳಕು ಸಿಕ್ಕರೆ ಅಂಟಿಕೊಂಡ ಥೈಮೀನ್ ಜೋಡಿಯನ್ನು ಬಿಡಿಸುತ್ತೆ. ಬೆಳಕು ಸಿಕ್ಕರೆ ಬ್ಯಾಕ್ಟೀರಿಯಾ ಹೀಗೆ ಚೇತರಿಸಿಕೊಳ್ಳುತ್ತೆ ಅನ್ನೋದು 1949ರಿಂದಲೇ ವಿಜ್ಞಾನಿಗಳಿಗೆ ಗೊತ್ತು. ಅದಕ್ಕೇ ಯುವಿ ಆದ ನೀರನ್ನು ಬಿಸಿಲು ಬೀಳುವ ತೆರೆದ ತೊಟ್ಟಿಯಲ್ಲಿ ಇಡಬಾರದು. ಮುಚ್ಚಿದ ಟ್ಯಾಂಕ್ ಬೇಕು. ಮೊದಲೇ ಡೋಸ್ ಚೆನ್ನಾಗಿ ಕೊಟ್ಟಿದ್ದರೆ ಈ ರಿಪೇರಿಗೂ ಹೆಚ್ಚು ಅವಕಾಶ ಇರಲ್ಲ.

ಬಿ ಬ್ಲಾಕ್ ಕಾರ್ಯದರ್ಶಿ
ಅಂದರೆ ಯುವಿ ಹಾಕಿದರೂ ಹೈಪೋ ಬೇಕೇ ಬೇಕು?

ಬ್ಲೋವರ್ ರೂಮ್
ಸ್ವಲ್ಪ ಬೇಕು ಸರ್. ಯುವಿ ಆದ ಮೇಲೆ, ಶುದ್ಧ ನೀರಿನ ಟ್ಯಾಂಕಿಗೆ. ಅಮೋನಿಯಾ ಇಳಿದಿದ್ದರೆ ಲೀಟರಿಗೆ ಕೆಲವೇ ಮಿಲಿಗ್ರಾಂ ಸಾಕು, ಪೈಪಿನ ಕೊನೆಯವರೆಗೂ ಅದೇ ಕಾಯುತ್ತೆ. ವಾಸನೆಯೂ ಗೊತ್ತಾಗಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ನಿಮ್ಮ ಕನ್ಸೆಂಟ್ (ಒಪ್ಪಿಗೆ) ಪತ್ರ ತೆಗೆದು ನೋಡಿ. ಕೋಲಿಫಾರ್ಮ್ ಎಷ್ಟಿರಬೇಕು, ಉಳಿಕೆ ಕ್ಲೋರಿನ್ ಎಷ್ಟಿರಬೇಕು ಅಂತ ಮಂಡಳಿ ಷರತ್ತು ಹಾಕಿದ್ದರೆ ಅದೇ ಅಂತಿಮ. ಕೇಂದ್ರದ 2017ರ ಅಧಿಸೂಚನೆಯಲ್ಲಿ 100 ಮಿಲಿಲೀಟರಿಗೆ ಫೀಕಲ್ ಕೋಲಿಫಾರ್ಮ್ 1000ಕ್ಕಿಂತ ಕಡಿಮೆ ಅಂತ ಇತ್ತು. 2019ರಲ್ಲಿ ಹಸಿರು ನ್ಯಾಯಮಂಡಳಿ 230ಕ್ಕೆ ಇಳಿಸಬೇಕು ಅಂತ ಹೇಳಿತು. ಮರುಬಳಕೆಗೆ ಇನ್ನೂ ಬಿಗಿ ಇರುತ್ತೆ.

ಎರಡನೇ ಹಂತದ ನೀರಿನಲ್ಲಿ 100 ಮಿಲಿಲೀಟರಿಗೆ ಲಕ್ಷದಿಂದ ಹತ್ತು ಲಕ್ಷ ಇರೋದು ಮಾಮೂಲು. ಹತ್ತು ಲಕ್ಷ ನೂರಕ್ಕೆ ಇಳಿಯಬೇಕು ಅಂದರೆ ಹತ್ತು ಸಾವಿರದಲ್ಲಿ ಒಂದು ಮಾತ್ರ ಉಳಿಯಬೇಕು. ಚೂರು ತುಂಬಿದ ನೀರಿನಲ್ಲಿ ಇದು ಆಗೋ ಮಾತಲ್ಲ.

ಇನ್ನೊಂದು ಕೇಳ್ತೀನಿ. ಈಗ ಹೈಪೋ ಎಲ್ಲಿ ಹಾಕ್ತೀರಿ? ಫಿಲ್ಟರಿಗೆ ಮುಂಚೆನಾ, ಆಮೇಲಾ?

ಬಿ ಬ್ಲಾಕ್ ಕಾರ್ಯದರ್ಶಿ
ಆಪರೇಟರ್ ಕೇಳಿ ಬಂದೆ. ಫಿಲ್ಟರಿಗೆ ಮುಂಚಿನ ಟ್ಯಾಂಕಿಗೆ. ಡೋಸಿಂಗ್ ಪಂಪ್ ಕೆಟ್ಟಿದೆಯಂತೆ, ಬಕೆಟ್ಟಿನಲ್ಲಿ ಸುರಿಯುತ್ತಾರೆ. ಕ್ಯಾನ್‌ಗಳು ಹೊರಗೆ ಬಿಸಿಲಲ್ಲೇ ಇವೆ.

ಬ್ಲೋವರ್ ರೂಮ್
ಕಾರ್ಬನ್ ಫಿಲ್ಟರ್ ಕ್ಲೋರಿನ್ ತಿಂದುಹಾಕುತ್ತೆ ಸರ್. ಮನೆಯ ಫಿಲ್ಟರಿನಲ್ಲಿ ಕಾರ್ಬನ್ ಹಾಕುವುದೇ ಆ ಕೆಲಸಕ್ಕೆ. ನೀವು ಹಾಕಿದ್ದರಲ್ಲಿ ಮುಂದೆ ದಾಟಿದ್ದು ಬಹಳ ಕಡಿಮೆ. ಬಿಸಿಲಿನಲ್ಲಿಟ್ಟ ಹೈಪೋ ದಿನೇ ದಿನೇ ಸತ್ವ ಕಳೆದುಕೊಳ್ಳುತ್ತೆ. 10 ಪರ್ಸೆಂಟ್ ಅಂತ ಕ್ಯಾನಿನ ಮೇಲೆ ಬರೆದಿದ್ದರೂ ಒಳಗೆ ಅಷ್ಟಿರಲ್ಲ. ನೆರಳಿಗೆ ತನ್ನಿ, ಸಣ್ಣ ಪ್ರಮಾಣದಲ್ಲಿ ಆಗಾಗ ತರಿಸಿ, ಡೋಸಿಂಗ್ ಪಂಪ್ ರಿಪೇರಿ ಮಾಡಿಸಿ, ಪಾಯಿಂಟನ್ನು ಕೊನೆಯ ಟ್ಯಾಂಕಿಗೆ ಬದಲಾಯಿಸಿ. ಇದಕ್ಕೆ ದೊಡ್ಡ ಖರ್ಚಿಲ್ಲ. ಯುವಿ ಕೊಟೇಶನ್ ಆಮೇಲೆ ನೋಡೋಣ.

ಲೆಕ್ಕಪತ್ರ
ಬ್ಲೋವರ್ 24 ಗಂಟೆ ಓಡಿಸಿದರೆ ತಿಂಗಳ ಮೇಂಟೆನೆನ್ಸ್ ಏರುತ್ತೆ. ಸಭೆಯಲ್ಲಿ ನಾನೇ ಉತ್ತರ ಕೊಡಬೇಕು. ಯುವಿಗೂ ಕರೆಂಟ್ ಬೇಕಲ್ವಾ?

ಬ್ಲೋವರ್ ರೂಮ್
ಯುವಿ ಕರೆಂಟ್ ಚಿಕ್ಕದು. ನೂರು ವಾಟಿನ ಲ್ಯಾಂಪ್ ದಿನಪೂರ್ತಿ ಉರಿದರೆ 2.4 ಯೂನಿಟ್. ಬ್ಲೋವರ್ ಖರ್ಚು ದೊಡ್ಡದು, ಒಪ್ತೀನಿ. ಆದರೆ ಪೂರ್ತಿ ನಿಲ್ಲಿಸಬೇಕಿಲ್ಲ, ಪೂರ್ತಿ ಜೋರಾಗಿ ಓಡಿಸಲೂಬೇಕಿಲ್ಲ. ವಿಎಫ್‌ಡಿ (ಮೋಟಾರಿನ ವೇಗ ಹೊಂದಿಸುವ ಸಾಧನ) ಹಾಕಿ, ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಇರುವ ಹಾಗೆ ವೇಗ ಇಳಿಸಿ. ರಾತ್ರಿ ಕೊಳಚೆ ಬರೋದು ಕಡಿಮೆ, ವೇಗವೂ ಕಡಿಮೆ ಸಾಕು. ಶಬ್ದದ ದೂರಿಗೆ ಬ್ಲೋವರ್ ಮೇಲೆ ಅಕೌಸ್ಟಿಕ್ ಹುಡ್ ಹಾಕಿಸಿ. ತಕ್ಷಣ ಫಲ ಕಾಣಲ್ಲ. ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತೆ, ಕೆಲವು ವಾರ ಬೇಕು. ಅಲ್ಲಿಯವರೆಗೆ ನಿವಾಸಿಗಳಿಗೆ ವಿಷಯ ಬಿಡಿಸಿ ಹೇಳಿ.

ಎರಡನೇ ಹಂತ ಮುಗಿದವರು
ನಮ್ಮ ಸೊಸೈಟಿಯಲ್ಲಿ ಯುವಿ ಇದೆ, ಅನುಭವ ಹೇಳ್ತೀನಿ. ಹಾಕಿಸಿದಾಗ ರಿಪೋರ್ಟ್ ಚೆನ್ನಾಗಿ ಬಂತು. ಆಮೇಲೆ ನಿಧಾನಕ್ಕೆ ಕೆಟ್ಟಿತು. ಲ್ಯಾಂಪ್ ನೀಲಿಯಾಗಿ ಉರೀತಾನೇ ಇತ್ತು, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಒಂದು ದಿನ ಎಎಂಸಿಯವರು (ವಾರ್ಷಿಕ ನಿರ್ವಹಣೆ ಗುತ್ತಿಗೆಯವರು) ಬಿಚ್ಚಿದಾಗ ನಾನೂ ಬೇಸ್‌ಮೆಂಟಿಗೆ ಹೋಗಿದ್ದೆ. ಲ್ಯಾಂಪ್ ಸುತ್ತ ಇರುವ ಗಾಜಿನ ಕೊಳವೆ ಇದೆಯಲ್ಲ, ಅದರ ಮೇಲೆ ಕಂದು ಬಣ್ಣದ ಪದರ. ಉಗುರಲ್ಲಿ ಕೆರೆದರೆ ಸುಣ್ಣದ ಹಾಗೆ ಪುಡಿ ಉದುರುತ್ತಿತ್ತು. ಒಂದು ತುದಿಯಲ್ಲಿ ಹಸಿರು ಪಾಚಿ.

ಬ್ಲೋವರ್ ರೂಮ್
ಅದು ಕ್ವಾರ್ಟ್ಜ್ ಸ್ಲೀವ್. ಮಾಮೂಲಿ ಗಾಜು 254ರ ಕಿರಣವನ್ನು ಬಿಡಲ್ಲ, ಹಾಗಾಗಿ ಕ್ವಾರ್ಟ್ಜೇ ಬೇಕು. ಬೋರ್, ಟ್ಯಾಂಕರ್ ನೀರಿನ ಗಡಸುತನ ಮತ್ತು ಕಬ್ಬಿಣ ಬಿಸಿ ಸ್ಲೀವಿನ ಮೇಲೆ ಕೂರುತ್ತೆ. ಪಂಪ್ ನಿಂತು ನೀರು ಹರಿಯದೇ ಲ್ಯಾಂಪ್ ಮಾತ್ರ ಉರಿಯುತ್ತಿದ್ದರೆ ಪದರ ಇನ್ನೂ ಬೇಗ ಕಟ್ಟುತ್ತೆ. ಸಿಟ್ರಿಕ್ ಆಸಿಡ್ ದ್ರಾವಣದಲ್ಲಿ ತೊಳೆದರೆ ಬಿಡುತ್ತೆ. ಕೆರೆಯಬಾರದು, ಗೀರು ಬೀಳುತ್ತೆ. ಬರಿಗೈಯಲ್ಲಿ ಲ್ಯಾಂಪ್ ಹಿಡಿಯಬಾರದು, ಬೆರಳಿನ ಎಣ್ಣೆ ಅಂಟುತ್ತೆ.

ಲ್ಯಾಂಪಿಗೂ ಆಯಸ್ಸಿದೆ. ಸಾಮಾನ್ಯವಾಗಿ 9,000ದಿಂದ 12,000 ಗಂಟೆ. ವರ್ಷಕ್ಕೆ 8,760 ಗಂಟೆ. ಬಿಡದೆ ಉರಿಸಿದರೆ ವರ್ಷ, ವರ್ಷ ಚಿಲ್ಲರೆಗೆ ಬದಲಾಯಿಸಬೇಕು. ಅದಾದ ಮೇಲೂ ನೀಲಿ ಬೆಳಕು ಇರುತ್ತೆ. ಕಾಣುವ ನೀಲಿ ಬೇರೆ, ಕೆಲಸ ಮಾಡುವ ಕಿರಣ ಬೇರೆ. ಆ ಕಿರಣ ಕಣ್ಣಿಗೆ ಕಾಣಲ್ಲ. ಹಾಗಾಗಿ ಯುವಿ ಸೆನ್ಸರ್ ಇಲ್ಲದ ಯಂತ್ರ ತಗೋಬೇಡಿ. ಗಂಟೆ ಎಣಿಸುವ ಮೀಟರ್ ಒಂದೇ ಸಾಲದು, ಅದಕ್ಕೆ ಪದರ ಕಟ್ಟಿರೋದು ಗೊತ್ತಾಗಲ್ಲ. ಸೆನ್ಸರ್ ಮಟ್ಟ ಇಳಿದರೆ ಪಂಪ್ ನಿಲ್ಲುವ ಹಾಗೆ ಇಂಟರ್‌ಲಾಕ್ ಇರಲಿ. ಸ್ವಿಚ್ ಹಾಕಿದ ಮೇಲೆ ಲ್ಯಾಂಪ್ ಪೂರ್ತಿ ಶಕ್ತಿಗೆ ಬರೋಕೆ ಕೆಲವು ನಿಮಿಷ ಬೇಕು. ಅಷ್ಟರಲ್ಲಿ ಪಂಪ್ ಶುರುವಾದರೆ ಆ ನೀರು ಹಾಗೇ ದಾಟಿಹೋಗುತ್ತೆ. ಕರೆಂಟ್ ಹೋಗಿ ಬಂದಾಗಲೆಲ್ಲ ಇದೇ ಕಥೆ.

ಸುಮ್ನೆ ಓದುಗ
ಲ್ಯಾಂಪ್ ಉರಿಯುತ್ತಿದೆಯಾ ಅಂತ ನೋಡೋಕೆ ಮುಚ್ಚಳ ತೆಗೆದು ಇಣುಕಬಹುದಾ?

ಬ್ಲೋವರ್ ರೂಮ್
ಖಂಡಿತ ಬೇಡ! ಉರಿಯುವ ಲ್ಯಾಂಪನ್ನು ನೇರ ನೋಡಿದರೆ ಕೆಲವು ಗಂಟೆ ಬಿಟ್ಟು ಕಣ್ಣಿಗೆ ಮರಳು ಸುರಿದ ಹಾಗೆ ಉರಿ ಶುರುವಾಗುತ್ತೆ. ವೆಲ್ಡಿಂಗ್ ಮಾಡುವವರಿಗೆ ಇದು ಗೊತ್ತು. ಚರ್ಮವೂ ಸುಡುತ್ತೆ. ಬಿಚ್ಚುವ ಮುಂಚೆ ಕರೆಂಟ್ ತೆಗೆಯಬೇಕು. ಪ್ಲಾಂಟಿನಲ್ಲಿ ಕೆಲಸ ಮಾಡುವ ಹುಡುಗರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲ್ಲ. ಅವರಿಗೆ ಕೈಗವಸು, ಕನ್ನಡಕ ಕೊಡಿಸೋದು ಅಸೋಸಿಯೇಶನ್ ಜವಾಬ್ದಾರಿ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ಎರಡನೇ ಹಂತ ಮುಗಿದವರು
ಹಳೆಯ ಲ್ಯಾಂಪ್‌ಗಳನ್ನು ಏನು ಮಾಡಬೇಕು? ನಮ್ಮ ಸ್ಟೋರ್ ರೂಮಿನಲ್ಲಿ ಬಿದ್ದಿವೆ.

ಮೈಕ್ರೋಬಯಾಲಜಿ ಟೀಚರ್
ಒಳಗೆ ಪಾದರಸ ಇದೆ, ಕಸದ ಗಾಡಿಗೆ ಹಾಕಬೇಡಿ. ಒಡೆಯದಂತೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅಧಿಕೃತ ಇ-ತ್ಯಾಜ್ಯದವರಿಗೆ ಕೊಡಿ. ಹೊಸ ಲ್ಯಾಂಪ್ ಕೊಡುವವರೇ ಹಳೆಯದನ್ನು ವಾಪಸ್ ತಗೊಳ್ಳಬೇಕು ಅಂತ ಎಎಂಸಿಯಲ್ಲೇ ಬರೆಸಿ.

ಬಿ ಬ್ಲಾಕ್ ಕಾರ್ಯದರ್ಶಿ
ಎಲ್ಲರಿಗೂ ಬಹಳ ಥ್ಯಾಂಕ್ಸ್. ಸಮಿತಿಯಲ್ಲಿ ಇವತ್ತು ಮಾತಾಡಿದೆವು. ಯುವಿ ಕೊಟೇಶನ್ ಸದ್ಯಕ್ಕೆ ತಡೆಹಿಡಿದಿದ್ದೇವೆ, ಕೈಬಿಟ್ಟಿಲ್ಲ. ಮೊದಲು ಬ್ಲೋವರ್‌ಗೆ ವಿಎಫ್‌ಡಿ, ಡೋಸಿಂಗ್ ಪಂಪ್ ರಿಪೇರಿ, ಹೈಪೋ ಪಾಯಿಂಟ್ ಬದಲಾವಣೆ. ಸ್ಯಾಂಡ್ ಫಿಲ್ಟರಿನ ಮರಳು ಯಾವಾಗ ಬದಲಾಯಿಸಿದ್ದು ಅಂತ ಯಾರಿಗೂ ನೆನಪಿಲ್ಲ, ಅದನ್ನೂ ಮಾಡಿಸ್ತೀವಿ. ನೀರು ಒಂದು ಸ್ಥಿತಿಗೆ ಬಂದ ಮೇಲೆ ಯುವಿಟಿ ಮಾಡಿಸಿ, ಆ ಅಂಕಿ ಇಟ್ಟುಕೊಂಡು ಎರಡು ಮೂರು ಕಡೆ ಹೊಸದಾಗಿ ಕೊಟೇಶನ್ ಕೇಳ್ತೀವಿ. ಲ್ಯಾಬಿಗೆ ಸ್ಯಾಂಪಲ್ ಕಳಿಸುವಾಗ ಏನಾದರೂ ನೋಡಿಕೊಳ್ಳಬೇಕಾ?

ಮೈಕ್ರೋಬಯಾಲಜಿ ಟೀಚರ್
ಕೋಲಿಫಾರ್ಮ್ ಸ್ಯಾಂಪಲ್‌ಗೆ ಲ್ಯಾಬಿನವರೇ ಕೊಡುವ ಸ್ಟೆರೈಲ್ ಬಾಟಲಿ ಬೇಕು. ಒಳಗೆ ಸೋಡಿಯಂ ಥಯೋಸಲ್ಫೇಟ್ ಇದೆಯಾ ಅಂತ ಕೇಳಿ. ಅದು ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ಬಾಟಲಿಯೊಳಗೇ ಕೆಲಸ ಮಾಡುತ್ತಾ ಹೋಗಿ ರಿಪೋರ್ಟ್ ನಿಜಕ್ಕಿಂತ ಚೆನ್ನಾಗಿ ಬರುತ್ತೆ. ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಿ. ಉಳಿಕೆ ಕ್ಲೋರಿನ್ ಮಾತ್ರ ಅಲ್ಲೇ ನಿಂತು ಅಳೆಯಬೇಕು, ಸಣ್ಣ ಕಿಟ್ ಸಿಗುತ್ತೆ.

ಬ್ಲೋವರ್ ರೂಮ್
ಒಂದೇ ಜಾಗದಲ್ಲಿ ತೆಗೆಯಬೇಡಿ ಸರ್. ಕ್ಲಾರಿಫೈಯರ್ (ಕೆಸರು ಕೂರುವ ತೊಟ್ಟಿ) ಆದ ಮೇಲೆ ಒಂದು, ಫಿಲ್ಟರ್ ಆದ ಮೇಲೆ ಒಂದು, ಕೊನೆಯ ಟ್ಯಾಂಕಿನಲ್ಲಿ ಒಂದು. ಬೆಳಗ್ಗೆ ಏಳರಿಂದ ಒಂಬತ್ತರ ಒಳಗೆ, ಎಲ್ಲರೂ ಸ್ನಾನ ಮಾಡುವ ಹೊತ್ತಿಗೆ ತೆಗೆಯಿರಿ, ಪ್ಲಾಂಟಿನ ಮೇಲೆ ಭಾರ ಜಾಸ್ತಿ ಇರೋದು ಆಗಲೇ. ಪ್ಲಾಂಟಿನಿಂದ ಅತಿ ದೂರದ ಟವರಿನಲ್ಲಿ ಒಂದು ಫ್ಲಶ್ ಟ್ಯಾಂಕಿನಿಂದಲೂ ಒಂದು ಬಾಟಲಿ ತುಂಬಿಸಿ. ಸಾಧ್ಯವಾದರೆ ಕೆಲವು ದಿನ ಬೀಗ ಹಾಕಿರುವ ಫ್ಲ್ಯಾಟ್ ಆಗಲಿ.

ಬಿ ಬ್ಲಾಕ್ ಕಾರ್ಯದರ್ಶಿ
ಇ ಟವರಿನಲ್ಲಿ ಅಂಥ ಎರಡು ಮನೆ ಇವೆ. ಮಾಲೀಕರಿಗೆ ಇವತ್ತೇ ಫೋನ್ ಮಾಡ್ತೀನಿ. ರಿಪೋರ್ಟ್ ಬಂದ ತಕ್ಷಣ ಇಲ್ಲೇ ಹಾಕ್ತೀನಿ.